ಹೆತ್ತವಳ ಅರ್ಜಿಗೆ ಬೆಲೆಯುಂಟೆ?

2020ರ ಮಾರ್ಚ್ ತಿಂಗಳಲ್ಲಿ ಅಮೆರಿಕದ ಇಂಡಿಯಾನಾಪೊಲಿಸ್ ನಗರದ ಒಬ್ಬ ತಾಯಿ ಪೊಲೀಸರಿಗೆ ಒಂದು ವಿಷಯವನ್ನು ತಿಳಿಸಿದಳು. ಹದಿನೆಂಟರ ಹರೆಯದ ತನ್ನ ಮಗ ಆಗತಾನೆ ಒಂದು ಕೋವಿಯನ್ನು ಕೊಂಡು ತಂದಿದ್ದಾನೆ. ಪೊಲೀಸರನ್ನು ಕೆಣಕಿ ಅವರ ಗುಂಡಿಗೆ ತಾನು ಬಲಿಯಾಗಬೇಕೆಂಬ ಯೋಚನೆ ಅವನ ತಲೆಯನ್ನು ಹೊಕ್ಕಿರುವಂತಿದೆ, ಎಂಬುದೇ ಆ ವಿಷಯ. ಪೊಲೀಸರು ಬಂದರು. ಹುಡುಗನನ್ನು ಮಾನಸಿಕ ಪರೀಕ್ಷೆಗೆಂದು ಕರೆದೊಯ್ದರು. ಕೋವಿಯನ್ನು ವಶಪಡಿಸಿಕೊಂಡರು, ಅದನ್ನು ಅವನಿಗೆ ಹಿಂದಿರುಗಿಸಲೂ ಇಲ್ಲ. ಅಲ್ಲಿಗೆ ಕಡತ ಮುಚ್ಚಿತು. ಇಂಥವನು ಅಪಾಯಕಾರಿಯೆಂದು ನ್ಯಾಯಸ್ಥಾನದಿಂದ ಘೋಷಣೆ ಪಡೆಯುವ ಅವಕಾಶ ಆ ಸಂಸ್ಥಾನದ ಕಾಯಿದೆಯಲ್ಲಿ ಇದ್ದೇ ಇತ್ತು. ಆದರೆ ಕೋವಿ ಹೇಗೂ ಕೈಸೇರಿದೆ, ಮನೆಯವರೂ ಅದನ್ನು ಮರಳಿ ಕೇಳುವುದಿಲ್ಲವೆಂದು ಒಪ್ಪಿದ್ದಾರೆ ಎಂದುಕೊಂಡು ಸರಕಾರಿ ವಕೀಲರು ಆ ದಾರಿ ಹಿಡಿಯಲಿಲ್ಲ. ಘೋಷಣೆಯಿಲ್ಲದ ಮೇಲೆ ಹೊಸ ಕೋವಿ ಕೊಳ್ಳುವುದಕ್ಕೆ ಅಡ್ಡಿಯೇನು? ಅದೇ ವರ್ಷ ಹುಡುಗನು ಅಂಗಡಿಯಿಂದ, ಕಾನೂನಿಗೆ ಎಲ್ಲಿಯೂ ತಪ್ಪದೆ, ಎರಡು ರೈಫಲುಗಳನ್ನು ಕೊಂಡನು. 2021ರ ಏಪ್ರಿಲ್ 15ರ ರಾತ್ರಿ, ತಾನು ಹಿಂದೆ ದುಡಿದಿದ್ದ ಫೆಡ್‌ಎಕ್ಸ್ ಸರಕು ಕೇಂದ್ರಕ್ಕೆ ಹೋಗಿ ಎಂಟು ಮಂದಿಯನ್ನು ಕೊಂದು ತಾನೂ ಸತ್ತನು. ಆ ಎಂಟರಲ್ಲಿ ನಾಲ್ವರು ಸಿಖ್ಖರು. ಪಂಜಾಬಿನ ಮಣ್ಣಿನಲ್ಲಿ ಬೇರಿರುವ ಮನೆಗಳಲ್ಲಿ ಆ ದಿನ ಅಳು ಕೇಳಿಸಿತು.

ಇಲ್ಲಿ ಒಂದು ಸಣ್ಣ ಪ್ರಶ್ನೆಯನ್ನು ಎತ್ತಬೇಕಾಗಿದೆ. ಪೊಲೀಸರಿಗೂ ವಕೀಲರಿಗೂ ಕಾಯದೆ ಆ ತಾಯಿಯೇ ನೇರವಾಗಿ ನ್ಯಾಯಾಧೀಶರ ಮುಂದೆ ಹೋಗಿ, ‘ಸ್ವಾಮಿ, ನನ್ನ ಮಗನ ಕೈಗೆ ಕೋವಿ ಸಿಗದಂತೆ ಅಪ್ಪಣೆ ಮಾಡಿರಿ’ ಎಂದು ಅರ್ಜಿ ಕೊಡಬಹುದಾಗಿತ್ತೆ? ಇಲ್ಲ. ಇಂಡಿಯಾನ ಸಂಸ್ಥಾನದ ಕಾಯಿದೆ ಆಕೆಯನ್ನು ಅರ್ಜಿದಾರಳೆಂದು ಒಪ್ಪುತ್ತಿರಲಿಲ್ಲ. ಆಕೆ ಸುದ್ದಿ ಕೊಡಬಹುದಾದವಳು, ಅಷ್ಟೆ. ಮುಂದಿನ ಹೆಜ್ಜೆ ಇಡತಕ್ಕವರು ಪೊಲೀಸರು. ಅದರ ಮುಂದಿನದು ಸರಕಾರಿ ವಕೀಲರದು. ಒಂಬತ್ತು ತಿಂಗಳು ಹೊತ್ತು ಹದಿನೆಂಟು ವರ್ಷ ಸಾಕಿದವಳಿಗೆ ಅರ್ಜಿ ಬರೆಯುವ ಅಧಿಕಾರವಿಲ್ಲ. ಹತ್ತು ನಿಮಿಷ ಬಾಗಿಲಲ್ಲಿ ನಿಂತು ಮಾತಾಡಿಸಿದವನಿಗೆ ಉಂಟು!

ಅಮೆರಿಕದಲ್ಲಿ ಈ ಬಗೆಯ ಕಾಯಿದೆಗಳಿಗೆ ಜನರು ಇಟ್ಟಿರುವ ಹೆಸರು ‘ಕೆಂಪು ಬಾವುಟದ ಕಾನೂನು’ ಎಂದು. ರೈಲಿನ ಗಾರ್ಡು ಅಪಾಯ ಕಂಡಾಗ ಕೆಂಪು ಬಾವುಟ ತೋರಿಸುವುದಿಲ್ಲವೆ, ಹಾಗೆ. ಶಾಸನದ ಭಾಷೆಯಲ್ಲಿ ಅದಕ್ಕೆ ಒಂದೊಂದು ಸಂಸ್ಥಾನದಲ್ಲಿ ಒಂದೊಂದು ಹೆಸರು. ತಿರುಳು ಮಾತ್ರ ಒಂದೇ. ಒಬ್ಬನು ಇನ್ನೂ ಯಾವ ಅಪರಾಧವನ್ನೂ ಮಾಡಿಲ್ಲ. ಆದರೆ ಅವನ ನಡೆನುಡಿಗಳನ್ನು ನೋಡಿದರೆ ತನಗಾಗಲಿ ಇತರರಿಗಾಗಲಿ ಕೇಡು ಮಾಡಿಕೊಳ್ಳುವ ಲಕ್ಷಣ ಎದ್ದು ಕಾಣುತ್ತಿದೆ. ಅಂಥ ಸಂದರ್ಭದಲ್ಲಿ ನ್ಯಾಯಸ್ಥಾನವು, ಅವನನ್ನು ಸೆರೆಯಲ್ಲಿಡದೆ, ಅವನ ಮೇಲೆ ಅಪರಾಧವನ್ನು ಹೊರಿಸದೆ, ಕೋವಿ ಮತ್ತು ಮದ್ದುಗುಂಡುಗಳನ್ನು ಮಾತ್ರ ಗೊತ್ತಾದ ಕಾಲದವರೆಗೆ ಅವನಿಂದ ದೂರವಿಡುತ್ತದೆ. ಆ ಅವಧಿಯಲ್ಲಿ ಹೊಸದಾಗಿ ಕೊಳ್ಳುವುದನ್ನೂ ನಿಷೇಧಿಸುತ್ತದೆ. 2025ರ ಅಂತ್ಯದ ಹೊತ್ತಿಗೆ ಅಮೆರಿಕದ ಐವತ್ತು ಸಂಸ್ಥಾನಗಳಲ್ಲಿ ಇಪ್ಪತ್ತೆರಡು ಇಂಥ ಕಾಯಿದೆಯನ್ನು ಅಂಗೀಕರಿಸಿದ್ದವು. ರಾಜಧಾನಿಯ ಪ್ರಾಂತವೂ ಅವುಗಳ ಜತೆಗೆ ಸೇರಿತ್ತು. ಉಳಿದವು ಸುಮ್ಮನಿದ್ದುವೆಂದು ತಿಳಿಯಬಾರದು. ಇಂಥ ಕಾಯಿದೆ ನಮ್ಮ ಗಡಿಯೊಳಗೆ ಬರಲೇಕೂಡದೆಂದು 2020ರಲ್ಲಿ ಒಕ್ಲಹೋಮ ಸಂಸ್ಥಾನ ಎದುರು ಕಾಯಿದೆಯನ್ನೇ ಮಾಡಿತು. ಮುಂದೆ ಇನ್ನು ಕೆಲವು ಸಂಸ್ಥಾನಗಳು ಅದರ ಹೆಜ್ಜೆಯಲ್ಲಿ ನಡೆದುವು.

ಈ ಕಾಯಿದೆಗಳನ್ನೆಲ್ಲ ಎದುರಿಗೆ ಹರವಿಕೊಂಡು ಕುಳಿತವರಿಗೆ ಮೊದಲು ಕಾಣುವ ವ್ಯತ್ಯಾಸ ಶಿಕ್ಷೆಯಲ್ಲಿ ಅಲ್ಲ, ಅವಧಿಯಲ್ಲೂ ಅಲ್ಲ. ಅರ್ಜಿ ಕೊಡಲು ಅರ್ಹರು ಯಾರು ಎಂಬ ಒಂದು ಪುಟ್ಟ ಪಟ್ಟಿಯಲ್ಲಿ. ಒಬ್ಬ ಮನುಷ್ಯನನ್ನು ನಿಜವಾಗಿ ಬಲ್ಲವರು ಯಾರು, ಅವರಲ್ಲಿ ಯಾರ ಮಾತನ್ನು ನಂಬಬಹುದು ಎಂಬ ವಿಷಯದಲ್ಲಿ ಒಂದೊಂದು ಶಾಸನಸಭೆಗಿರುವ ಅಭಿಪ್ರಾಯವೆಲ್ಲ ಆ ಪಟ್ಟಿಯಲ್ಲಿ ಅಡಗಿದೆ.

ಮೊದಲ ಪಟ್ಟಿ ಬಹಳ ಚಿಕ್ಕದು. 1998ರ ಮಾರ್ಚಿಯಲ್ಲಿ ಕನೆಕ್ಟಿಕಟ್ ಸಂಸ್ಥಾನದ ಲಾಟರಿ ಇಲಾಖೆಯ ಮುಖ್ಯ ಕಚೇರಿಯಲ್ಲಿ ಒಬ್ಬ ನೌಕರನು ನಾಲ್ವರು ಮೇಲಧಿಕಾರಿಗಳನ್ನು ಕೊಂದು ಆತ್ಮಹತ್ಯೆ ಮಾಡಿಕೊಂಡನು. ಮರುವರ್ಷ, 1999ರಲ್ಲಿ, ಆ ಸಂಸ್ಥಾನ ಈ ಜಾತಿಯ ಮೊಟ್ಟಮೊದಲ ಕಾಯಿದೆಯನ್ನು ಮಾಡಿತು. ಅರ್ಜಿ ಕೊಡಬಲ್ಲವರು ಸರಕಾರಿ ವಕೀಲರು, ಇಲ್ಲವೆ ಇಬ್ಬರು ಪೊಲೀಸ್ ಅಧಿಕಾರಿಗಳು ಒಟ್ಟಾಗಿ. ಒಬ್ಬ ಪೊಲೀಸಿನವನ ಮಾತೂ ಸಾಲದು, ಇಬ್ಬರು ಬೇಕು! ಇಂಡಿಯಾನದ ಕಥೆ ಇದಕ್ಕಿಂತ ದಾರುಣವಾದದ್ದು. 2004ರ ಜನವರಿಯಲ್ಲಿ ಮನೋರೋಗದಿಂದ ನರಳುತ್ತಿದ್ದ ಒಬ್ಬನ ಮನೆಯಿಂದ ಪೊಲೀಸರು ಕೋವಿಗಳ ರಾಶಿಯನ್ನೇ ಹೊತ್ತುತಂದಿದ್ದರು. ಇಟ್ಟುಕೊಳ್ಳಲು ಕಾನೂನಿನ ಆಧಾರವಿರಲಿಲ್ಲವಾಗಿ ಅವನು ಬಂದು ಕೇಳಿದಾಗ ಹಿಂದಕ್ಕೆ ಕೊಡಬೇಕಾಯಿತು. ಅದೇ ಆಗಸ್ಟ್ ತಿಂಗಳಲ್ಲಿ ಅವನು ಹೆತ್ತ ತಾಯಿಯನ್ನು ಕೊಂದು, ಬೀದಿಗೆ ಬಂದು, ಜೇಕ್ ಲೇರ್ಡ್ ಎಂಬ ಪೊಲೀಸ್ ಅಧಿಕಾರಿಯನ್ನೂ ಕೊಂದನು. ಆ ಅಧಿಕಾರಿಯ ಹೆಸರಿನಲ್ಲೇ 2005ರಲ್ಲಿ ಕಾಯಿದೆಯಾಯಿತು. ಪೊಲೀಸರ ದುಃಖದಿಂದ ಹುಟ್ಟಿದ ಆ ಕಾಯಿದೆ ಪೊಲೀಸರ ಕೈಗೇ ಅಧಿಕಾರ ಕೊಟ್ಟದ್ದು ಸಹಜವೇ. ಮೊದಲು ಸತ್ತವಳು ತಾಯಿ ಎಂಬುದನ್ನು ಮಾತ್ರ ಕಾಯಿದೆ ಬರೆದವರು ಅಷ್ಟಾಗಿ ಗಮನಿಸಿದಂತೆ ತೋರುವುದಿಲ್ಲ.

ಮನೆಯವರಿಗೆ ನ್ಯಾಯಸ್ಥಾನದ ಬಾಗಿಲು ತೆರೆದದ್ದು ಕ್ಯಾಲಿಫೋರ್ನಿಯದಲ್ಲಿ. ಅದಕ್ಕೂ ಒಂದು ದುರಂತವೇ ಬೇಕಾಯಿತು. 2014ರ ಏಪ್ರಿಲ್ 30ರಂದು, ಸಾಂತಾ ಬಾರ್ಬರಾ ಸಮೀಪದ ಇಸ್ಲಾ ವಿಸ್ತ ಎಂಬ ವಿದ್ಯಾರ್ಥಿಗಳ ಊರಿನಲ್ಲಿ ವಾಸವಾಗಿದ್ದ ಒಬ್ಬ ಯುವಕನ ಬಾಗಿಲಿಗೆ ಪೊಲೀಸರು ಬಂದು ಯೋಗಕ್ಷೇಮ ವಿಚಾರಿಸಿದರು. ದೂರದ ಲಾಸ್ ಏಂಜಲೀಸ್ ಕಡೆ ಇದ್ದ ತಾಯಿಗೆ ಮಗನು ಅಂತರ್ಜಾಲದಲ್ಲಿ ಹಾಕಿದ್ದ ಚಿತ್ರಗಳನ್ನು ಕಂಡು ಹೆದರಿಕೆಯಾಗಿದ್ದುದೇ ಈ ಭೇಟಿಗೆ ಕಾರಣ. ಯುವಕನು ವಿನಯದಿಂದ ಮಾತಾಡಿದನು. ಸಂಕೋಚದ ಹುಡುಗ ಎಂದುಕೊಂಡು ಅವರು ಹಿಂದಿರುಗಿದರು. ಒಳಗಿನ ಕೋಣೆಯಲ್ಲಿ ಪಿಸ್ತೂಲುಗಳಿದ್ದುವು. ಅವನ ಹೆಸರಿನಲ್ಲಿ ಆಯುಧಗಳು ನೋಂದಣಿಯಾಗಿವೆಯೆ ಎಂದು ಯಾರೂ ದಫ್ತರು ನೋಡಲಿಲ್ಲ. ಮೇ 23ರಂದು ಅವನು ಆರು ಮಂದಿಯನ್ನು ಕೊಂದನು. ಆ ಸಂಜೆ ಮಗನು ಬರೆದು ಕಳುಹಿಸಿದ ದೀರ್ಘಪತ್ರವನ್ನು ನೋಡಿ ತಂದೆತಾಯಿಗಳಿಬ್ಬರೂ ಕಾರು ಹತ್ತಿ ಅವನತ್ತ ಧಾವಿಸಿದ್ದರು. ಅವರು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯದ ಗವರ್ನರು ಹೊಸ ಕಾಯಿದೆಗೆ ಸಹಿ ಹಾಕಿದರು. 2016ರ ಜನವರಿ 1ರಿಂದ ಅದು ಜಾರಿಗೆ ಬಂತು. ಬಂದೂಕು ಹಿಂಸಾ ಪ್ರತಿಬಂಧಕಾಜ್ಞೆ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಪೊಲೀಸರ ಜತೆಗೆ ಹತ್ತಿರದ ಕುಟುಂಬದವರೂ ಅರ್ಜಿ ಕೊಡಬಹುದೆಂದು ಅದರಲ್ಲಿ ಹೇಳಿತ್ತು. ಹತ್ತಿರದವರೆಂದರೆ ಯಾರು? ಕಾಯಿದೆ ಅಂದಾಜಿನ ಮೇಲೆ ಬಿಡುವುದಿಲ್ಲ, ಲೆಕ್ಕ ಹಾಕುತ್ತದೆ. ಗಂಡ ಹೆಂಡತಿ, ತಂದೆ ತಾಯಿ, ಮಕ್ಕಳು. ರಕ್ತದಿಂದಾಗಲಿ ಮದುವೆಯಿಂದಾಗಲಿ ಎರಡನೆಯ ಮೆಟ್ಟಿಲಿನೊಳಗೆ ಬರುವ ಬಂಧುಗಳು, ಅಂದರೆ ಅಣ್ಣತಮ್ಮಂದಿರು, ಅಕ್ಕತಂಗಿಯರು, ಅಜ್ಜ ಅಜ್ಜಿ, ಮೊಮ್ಮಕ್ಕಳು, ಅತ್ತೆ ಮಾವಂದಿರು. ಅದೂ ಅಲ್ಲದೆ ಒಂದೇ ಸೂರಿನಡಿ ವಾಸಿಸುವವರು, ಅಥವಾ ಕಳೆದ ಆರು ತಿಂಗಳೊಳಗೆ ಹಾಗೆ ವಾಸಿಸಿದ್ದವರು.

ಮೆಟ್ಟಿಲಿನ ಈ ಲೆಕ್ಕ ಕನ್ನಡದ ಮನೆಯವರಿಗೆ ವಿಚಿತ್ರವಾಗಿ ಕಾಣಬಹುದು. ಕಾನೂನಿನ ಗಣಿತದಲ್ಲಿ ಚಿಕ್ಕಪ್ಪ, ದೊಡ್ಡಪ್ಪ, ಸೋದರಮಾವ ಇವರೆಲ್ಲ ಮೂರನೆಯ ಮೆಟ್ಟಿಲಿನವರು. ಎಂದರೆ, 2016ರ ಆ ಮೂಲ ಶಾಸನದ ಪ್ರಕಾರ ಬೇರೆ ಮನೆಯಲ್ಲಿರುವ ಸೋದರಮಾವನಿಗೆ ಅರ್ಜಿ ಕೊಡುವ ಅರ್ಹತೆ ಇರಲಿಲ್ಲ, ಅಜ್ಜಿಗೆ ಇತ್ತು. ನಮ್ಮ ಮನೆಗಳಲ್ಲಿ ಕೆಟ್ಟ ದಾರಿ ಹಿಡಿದ ಹುಡುಗನಿಗೆ ಬುದ್ಧಿ ಹೇಳಿಸಬೇಕಾದರೆ ತಾಯಿ ಮೊದಲು ಕಳುಹಿಸುವುದು ತನ್ನ ತಮ್ಮನಿಗಲ್ಲವೆ? ಬಂಧುತ್ವದ ಬಲ ಮೆಟ್ಟಿಲಿನಿಂದ ಅಳೆಯತಕ್ಕದ್ದಲ್ಲ. ಆದರೆ ಕಾಯಿದೆಗೆ ಎಲ್ಲಿಯಾದರೂ ಒಂದು ಗೆರೆ ಎಳೆಯಲೇಬೇಕು. ಎಳೆದ ಗೆರೆಯ ಆಚೆ ಒಬ್ಬ ಸೋದರಮಾವ ಉಳಿದೇ ಉಳಿಯುತ್ತಾನೆ.

ಕ್ಯಾಲಿಫೋರ್ನಿಯ ತನ್ನ ಗೆರೆಯನ್ನು ಮೇಲಿಂದ ಮೇಲೆ ಹಿಂದಕ್ಕೆ ಸರಿಸುತ್ತ ಬಂದಿದೆ. ಶಿಕ್ಷಕರನ್ನೂ ಸಹೋದ್ಯೋಗಿಗಳನ್ನೂ ಪಟ್ಟಿಗೆ ಸೇರಿಸುವ ಮಸೂದೆ ಎರಡು ಸಲ ಶಾಸನಸಭೆಯನ್ನು ದಾಟಿದರೂ ಅಂದಿನ ಗವರ್ನರು ಒಪ್ಪಲಿಲ್ಲ. ಮುಂದಿನ ಗವರ್ನರು ಒಪ್ಪಿದರು. 2020ರ ಸೆಪ್ಟೆಂಬರಿನಿಂದ ಮಾಲೀಕನೂ ಅರ್ಜಿ ಕೊಡಬಹುದು. ಸಹೋದ್ಯೋಗಿಯೂ ಕೊಡಬಹುದು, ಆದರೆ ಒಂದು ವರ್ಷದಿಂದಲಾದರೂ ನಿಕಟ ಒಡನಾಟವಿರಬೇಕು, ಮಾಲೀಕನ ಒಪ್ಪಿಗೆ ಇರಬೇಕು. ಪ್ರೌಢಶಾಲೆ ಕಾಲೇಜುಗಳ ಅಧ್ಯಾಪಕರಿಗೂ ಸಿಬ್ಬಂದಿಗೂ ಅರ್ಹತೆಯುಂಟು, ಆದರೆ ಆ ವಿದ್ಯಾರ್ಥಿ ಕಳೆದ ಆರು ತಿಂಗಳೊಳಗೆ ಅಲ್ಲಿ ಓದಿರಬೇಕು, ಸಂಸ್ಥೆಯ ಆಡಳಿತದವರು ಸಮ್ಮತಿಸಬೇಕು. 2023ರಿಂದ ಪ್ರಣಯಸಂಬಂಧವುಳ್ಳವರು, ಮಗುವಿನ ಇನ್ನೊಬ್ಬ ಹೆತ್ತವರು ಮೊದಲಾದವರೂ ಸೇರಿದರು. ಮದುವೆಯ ಸರ್ಟಿಫಿಕೇಟು ಇಲ್ಲದ ಹೆಣ್ಣಿನ ಕೂಗಿಗೂ ಆಗ ಕಿವಿ ದೊರೆಯಿತು. ಅಂಥವಳ ಮೇಲೆಯೇ ಕೋವಿ ಮೊದಲು ತಿರುಗುವುದು ಎಂಬುದನ್ನು ನೆನೆದರೆ ಇದು ತಡವಾಗಿ ಬಂದ ನ್ಯಾಯವೆನ್ನಬೇಕು.

ಅರ್ಹತೆ ಇದ್ದ ಮಾತ್ರಕ್ಕೆ ಆಜ್ಞೆ ಸಿಕ್ಕಿಬಿಡುತ್ತದೆಂದು ಭಾವಿಸಕೂಡದು. ಅರ್ಜಿದಾರನು ತಾನು ಬರೆದದ್ದೆಲ್ಲ ಸತ್ಯವೆಂದು ಪ್ರಮಾಣ ಮಾಡಿ ಸಹಿ ಹಾಕಬೇಕು. ಸುಳ್ಳು ಹೇಳಿದರೆ, ಅಥವಾ ಪೀಡಿಸುವುದಕ್ಕೆಂದೇ ಅರ್ಜಿ ಹಾಕಿದರೆ, ಅದೇ ಅಪರಾಧ. ಅಪಾಯ ಸಮೀಪದಲ್ಲಿದೆಯೆಂದು ನ್ಯಾಯಾಧೀಶರಿಗೆ ತೋರಿದರೆ ಎದುರಾಳಿಯನ್ನು ಕರೆಸದೆಯೇ ತಾತ್ಕಾಲಿಕ ಆಜ್ಞೆ ಹೊರಡುತ್ತದೆ. ಕ್ಯಾಲಿಫೋರ್ನಿಯದಲ್ಲಿ ಇಪ್ಪತ್ತೊಂದು ದಿನಗಳ ಒಳಗೆ ಪೂರ್ಣ ವಿಚಾರಣೆ ನಡೆಯಬೇಕು. ಆಗ ಎದುರಾಳಿ ವಕೀಲರನ್ನಿಟ್ಟುಕೊಂಡು ವಾದಿಸಬಹುದು, ಸಾಕ್ಷಿಗಳನ್ನು ತರಬಹುದು. ಸಾಮಾನ್ಯ ಸಿವಿಲ್ ದಾವಾಕ್ಕೆ ಸಾಲುವ ಪುರಾವೆ ಇಲ್ಲಿ ಸಾಲದು. ಅದಕ್ಕಿಂತ ಸ್ಪಷ್ಟವಾದ, ಮನಸ್ಸಿಗೆ ನಾಟುವ ಪುರಾವೆ ಬೇಕು. ಆಜ್ಞೆಯಾದರೆ ಅದರ ಅವಧಿ ಒಂದರಿಂದ ಐದು ವರ್ಷ. ಅದನ್ನು ತೆಗೆದುಹಾಕಿರೆಂದು ಎದುರಾಳಿ ವರ್ಷಕ್ಕೊಮ್ಮೆ ಕೇಳಿಕೊಳ್ಳಬಹುದು. ಆಜ್ಞೆ ಕೈಸೇರಿದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕೋವಿಗಳನ್ನು ಪೊಲೀಸರಿಗೋ ಪರವಾನಗಿಯುಳ್ಳ ವ್ಯಾಪಾರಿಗೋ ಒಪ್ಪಿಸಿ ರಸೀದಿ ಪಡೆಯಬೇಕು.

ಇಷ್ಟು ಬಿಗಿಯಿದ್ದರೂ ಮನೆಯವರಿಗೆ ಅರ್ಜಿಯ ಹಕ್ಕು ಕೊಡಬಾರದೆನ್ನುವವರು ಅಮೆರಿಕದಲ್ಲಿ ಬಹಳ ಮಂದಿ ಇದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಆ ದೇಶದಲ್ಲಿ ಆಯುಧ ಹೊಂದುವುದು ಸರಕಾರ ದಯಪಾಲಿಸಿದ ಅನುಮತಿಯಲ್ಲ. 1791ರಲ್ಲಿ ಸಂವಿಧಾನಕ್ಕೆ ಸೇರಿದ ಎರಡನೆಯ ತಿದ್ದುಪಡಿಯ ಹಕ್ಕು. ಅದು ವ್ಯಕ್ತಿಯೊಬ್ಬನ ಸ್ವಂತ ಹಕ್ಕೆಂದು ಸುಪ್ರೀಂ ಕೋರ್ಟು 2008ರಲ್ಲಿ ಸ್ಪಷ್ಟಪಡಿಸಿತು. ಅಂಥ ಹಕ್ಕನ್ನು, ಅಪರಾಧವನ್ನೇ ಮಾಡದವನಿಂದ, ಮುನಿಸಿಕೊಂಡ ಹೆಂಡತಿಯ ಅಥವಾ ಆಸ್ತಿಗಾಗಿ ಕಾದಾಡುವ ತಮ್ಮನ ಮಾತು ಕೇಳಿ ಕಿತ್ತುಕೊಳ್ಳುವುದು ನ್ಯಾಯವೆ? ಪಾಲುಪಾರೀಕತ್ತಿನ ವ್ಯಾಜ್ಯಗಳನ್ನು ಕಂಡಿರುವ ನಮ್ಮ ಜನಕ್ಕೆ ಈ ಅಂಜಿಕೆ ಅರ್ಥವಾಗದ್ದಲ್ಲ. ಮನೆಯವರು ಒಬ್ಬನನ್ನು ಚೆನ್ನಾಗಿ ಬಲ್ಲರು, ನಿಜ. ಚೆನ್ನಾಗಿ ದ್ವೇಷಿಸಲೂ ಬಲ್ಲರು. ಪೊಲೀಸರನ್ನು ನಡುವೆ ನಿಲ್ಲಿಸಿದರೆ ಒಂದು ಜರಡಿ ಹಿಡಿದಂತಾಗುತ್ತದೆ ಎಂಬುದು ಈ ಪಕ್ಷದವರ ಅಂಬೋಣ.

ಫ್ಲಾರಿಡ ಸಂಸ್ಥಾನ ಒಪ್ಪಿದ್ದು ಈ ವಾದವನ್ನೇ. ಅಲ್ಲಿನ ಪಾರ್ಕ್‌ಲ್ಯಾಂಡ್ ಊರಿನ ಪ್ರೌಢಶಾಲೆಯಲ್ಲಿ 2018ರ ಫೆಬ್ರವರಿ 14ರಂದು ಹದಿನೇಳು ಜನ ಸತ್ತರು. ಒಂದು ತಿಂಗಳು ತುಂಬುವ ಮೊದಲೇ ಕಾಯಿದೆಯಾಯಿತು. ಅರ್ಜಿಯ ಅಧಿಕಾರ ಪೊಲೀಸರಿಗೆ ಮಾತ್ರ. ಅಷ್ಟರಿಂದ ಆ ಕಾಯಿದೆ ಕಪಾಟಿನಲ್ಲಿ ಧೂಳು ತಿನ್ನುತ್ತಿದೆಯೆಂದು ತಿಳಿಯಬಾರದು; ಸಾವಿರಾರು ಆಜ್ಞೆಗಳು ಅಲ್ಲಿ ಹೊರಟಿವೆ. ಮನೆಯವರಿಗೆ ಹಕ್ಕು ಕೊಟ್ಟ ಕ್ಯಾಲಿಫೋರ್ನಿಯದಲ್ಲಿಯೂ ಬಹುಪಾಲು ಅರ್ಜಿಗಳು ಬರುವುದು ಪೊಲೀಸರಿಂದಲೇ. ಸ್ಯಾನ್ ಡಿಯಾಗೋ ನಗರದಲ್ಲಿ ನಗರಸಭೆಯ ವಕೀಲರ ಕಚೇರಿ ಇದಕ್ಕೆಂದೇ ಒಂದು ತಂಡವನ್ನು ಕಟ್ಟಿ ಪೊಲೀಸರ ಪರವಾಗಿ ಅರ್ಜಿಗಳನ್ನು ನಡೆಸಿತು. ಹಾಗಾದರೆ ಮನೆಯವರ ಹಕ್ಕು ಕೇವಲ ಕಾಗದದ ಹಕ್ಕೆ?

ಇದಕ್ಕೆ ಉತ್ತರ ಮೇನ್ ಸಂಸ್ಥಾನದಲ್ಲಿ ಸಿಗುತ್ತದೆ. ದೇಶದ ಈಶಾನ್ಯ ಮೂಲೆಯಲ್ಲಿರುವ ಕಾಡುಗಳ ನಾಡು ಅದು. ಬೇಟೆ ಅಲ್ಲಿನವರಿಗೆ ಮನೆತನದ ರೂಢಿ. ಕೋವಿಯಿರುವ ಮನೆಗಳು ಅಲ್ಲಿ ಬಹಳ. ಕೆಂಪು ಬಾವುಟದ ಕಾಯಿದೆಯನ್ನು ಅಲ್ಲಿನವರು ಒಪ್ಪಲಿಲ್ಲ. 2019ರಲ್ಲಿ ಒಂದು ರಾಜಿಯಾಯಿತು. ಅದನ್ನು ‘ಹಳದಿ ಬಾವುಟ’ವೆಂದು ಕರೆದರು. ಆ ಕಾಯಿದೆಯಂತೆ ಮನೆಯವರು ಸುದ್ದಿಯನ್ನಷ್ಟೇ ಕೊಡಬಹುದು. ಪೊಲೀಸರು ವ್ಯಕ್ತಿಯನ್ನು ರಕ್ಷಣಾ ವಶಕ್ಕೆ ತೆಗೆದುಕೊಳ್ಳಬೇಕು. ಆಮೇಲೆ ವೈದ್ಯಕೀಯ ತಜ್ಞರು ಪರೀಕ್ಷಿಸಿ ಅಪಾಯವುಂಟೆಂದು ಹೇಳಬೇಕು. ಅನಂತರ ನ್ಯಾಯಾಧೀಶರ ಮುಂದೆ ಹೋಗಬೇಕು. ಮೂರು ಬಾಗಿಲು. ಮೊದಲನೆಯದರಲ್ಲೇ ತೊಡಕು: ವ್ಯಕ್ತಿ ಕೈಗೆ ಸಿಗದಿದ್ದರೆ ಮುಂದಿನ ಎರಡು ಬಾಗಿಲುಗಳ ಮಾತೇ ಇಲ್ಲ.

2023ರ ಮೇ ತಿಂಗಳಲ್ಲಿ ಸೈನ್ಯದ ಮೀಸಲು ಪಡೆಯ ಒಬ್ಬ ನಲವತ್ತರ ಸೈನಿಕನ ವಿಷಯವಾಗಿ ಅವನ ಮಾಜಿ ಪತ್ನಿಯೂ ಹದಿಹರೆಯದ ಮಗನೂ ಅಲ್ಲಿನ ಷೆರೀಫರ ಕಚೇರಿಗೆ ತಿಳಿಸಿದರು. ಜನರೆಲ್ಲ ತನ್ನನ್ನು ಕುರಿತು ಹೀನವಾಗಿ ಆಡಿಕೊಳ್ಳುತ್ತಿದ್ದಾರೆಂಬ ಭ್ರಮೆ ಅವನಿಗೆ ಹಿಡಿದಿದೆ. ಸೋದರನ ಮನೆಯಲ್ಲಿದ್ದ ಹತ್ತಾರು ಕೋವಿಗಳನ್ನು ತಂದು ಇಟ್ಟುಕೊಂಡಿದ್ದಾನೆ, ಎಂದರು. ಜುಲೈಯಲ್ಲಿ ನ್ಯೂಯಾರ್ಕ್ ಸಂಸ್ಥಾನದಲ್ಲಿ ತರಬೇತಿಗೆ ಹೋಗಿದ್ದಾಗ ಜತೆಗಾರರೇ ಹೆದರಿ ಅವನನ್ನು ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಿದರು. ಎರಡು ವಾರ ಅಲ್ಲಿದ್ದು ಹಿಂದಿರುಗಿದನು. ಸೆಪ್ಟೆಂಬರಿನಲ್ಲಿ ಅವನ ಆಪ್ತ ಗೆಳೆಯನೊಬ್ಬನು, ಇವನು ಸಾಮೂಹಿಕ ಹತ್ಯೆ ಮಾಡಿಯಾನೆಂದು ಮೇಲಧಿಕಾರಿಗೆ ಬರೆದು ಎಚ್ಚರಿಸಿದನು. ಷೆರೀಫರ ಕಡೆಯವರು ಎರಡು ದಿನ ಅವನ ಮನೆಗೆ ಹೋದರು. ಬಾಗಿಲು ತೆರೆಯಲಿಲ್ಲ. ಹಿಂದಿರುಗಿದರು. ಅಕ್ಟೋಬರ್ 25ರ ಸಂಜೆ ಲೂಯಿಸ್ಟನ್ ಊರಿನ ಒಂದು ಬೌಲಿಂಗ್ ಆಟದ ಮನೆಯಲ್ಲಿಯೂ ಒಂದು ಪಾನಗೃಹದಲ್ಲಿಯೂ ಹದಿನೆಂಟು ಜನ ಅವನ ಗುಂಡಿಗೆ ಸತ್ತರು. ಎರಡು ದಿನಗಳ ಮೇಲೆ ಅವನ ಹೆಣವೂ ಸಿಕ್ಕಿತು.

ಮಾಜಿ ಪತ್ನಿಗೆ ತಿಳಿದಿತ್ತು, ಮಗನಿಗೆ ತಿಳಿದಿತ್ತು, ಗೆಳೆಯನಿಗೆ ತಿಳಿದಿತ್ತು. ತಿಳಿದವರಲ್ಲಿ ಒಬ್ಬರಿಗೂ ಮೇನ್ ಸಂಸ್ಥಾನದ ನ್ಯಾಯಾಧೀಶರೆದುರು ಅರ್ಜಿ ಇಡುವ ಅರ್ಹತೆ ಇರಲಿಲ್ಲ. ಸಂಸ್ಥಾನದ ಮಾಜಿ ಮುಖ್ಯ ನ್ಯಾಯಾಧೀಶರ ಅಧ್ಯಕ್ಷತೆಯಲ್ಲಿ ಕುಳಿತ ವಿಚಾರಣಾ ಆಯೋಗವು 2024ರಲ್ಲಿ ತನ್ನ ವರದಿ ಒಪ್ಪಿಸಿತು. ಹಳದಿ ಬಾವುಟದ ಕಾಯಿದೆಯ ಪ್ರಕಾರವೇ ಅವನನ್ನು ವಶಕ್ಕೆ ತೆಗೆದುಕೊಳ್ಳಲು ಪೊಲೀಸರ ಬಳಿ ಸಾಕಷ್ಟು ಆಧಾರವಿತ್ತೆಂಬುದು ಅದರ ನಿರ್ಣಯ. ಕಾಯಿದೆ ಸಾಲದೆ ಹೋದದ್ದಲ್ಲ, ಬಳಸಲಿಲ್ಲ ಎಂದು ಹಳದಿ ಬಾವುಟದ ಪಕ್ಷದವರು ಇದನ್ನೇ ಹಿಡಿದು ವಾದಿಸಿದರು. ಮಾತು ಸುಳ್ಳಲ್ಲ. ಆದರೆ ಒಂದೇ ಬಾಗಿಲಿರುವ ಮನೆಯಲ್ಲಿ ಕಾವಲಿನವನು ನಿದ್ದೆಹೋದರೆ ಹೊರಗಿರುವವರು ಏನು ಮಾಡತಕ್ಕದ್ದು? 2025ರ ನವೆಂಬರ್ 4ರಂದು ಮೇನ್ ಸಂಸ್ಥಾನದ ಮತದಾರರು ತಾವೇ ಉತ್ತರ ಹೇಳಿದರು. ಕುಟುಂಬದವರೂ ಮನೆಮಂದಿಯೂ ನೇರವಾಗಿ ನ್ಯಾಯಸ್ಥಾನಕ್ಕೆ ಅರ್ಜಿ ಕೊಡಬಹುದೆಂಬ ಮಸೂದೆಯನ್ನು ಸ್ಪಷ್ಟ ಬಹುಮತದಿಂದ ಗೆಲ್ಲಿಸಿದರು. ಕೋವಿಯನ್ನು ಅಷ್ಟು ಪ್ರೀತಿಸುವ ಜನ ಹೀಗೆ ಮಾಡಿದ್ದು ಸಾಮಾನ್ಯ ಸಂಗತಿಯಲ್ಲ. ಮೊದಲ ಪಟ್ಟಿಯನ್ನು ಬರೆದ ಕನೆಕ್ಟಿಕಟ್ ಕೂಡ 2022ರಲ್ಲಿ ಮನೆಯವರಿಗೂ ವೈದ್ಯರಿಗೂ ನ್ಯಾಯಸ್ಥಾನದ ಮೆಟ್ಟಿಲನ್ನು ತೋರಿಸಿತ್ತು.

ವೈದ್ಯರ ಮಾತು ಬಂತು. ಮೇರಿಲ್ಯಾಂಡ್ ಸಂಸ್ಥಾನ 2018ರಿಂದಲೇ ವೈದ್ಯರು, ಮನಶ್ಶಾಸ್ತ್ರಜ್ಞರು ಮುಂತಾದವರನ್ನು ತನ್ನ ಪಟ್ಟಿಗೆ ಸೇರಿಸಿದೆ. ರೋಗಿ ನಂಬಿ ಹೇಳಿದ್ದನ್ನು ನ್ಯಾಯಾಧೀಶರಿಗೆ ತಲುಪಿಸುವುದು ವೈದ್ಯಧರ್ಮಕ್ಕೆ ಒಪ್ಪುವುದೆ ಎಂಬ ಚರ್ಚೆ ಅಲ್ಲಿ ನಡೆದೇ ಇದೆ. ಆದರೆ ಇನ್ನೊಂದು ಸಂಗತಿಯೂ ಉಂಟು. ಅಮೆರಿಕದಲ್ಲಿ ಬಂದೂಕಿನಿಂದಾಗುವ ಸಾವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಆತ್ಮಹತ್ಯೆಗಳು. ಪತ್ರಿಕೆಗಳ ಮುಖಪುಟದಲ್ಲಿ ಕಾಣುವುದು ಶಾಲೆ, ಸಂತೆ, ಕಚೇರಿಗಳ ಹತ್ಯಾಕಾಂಡ. ಕಾಣದೆ ಹೋಗುವುದು ಹಿತ್ತಿಲಲ್ಲಿ ಒಬ್ಬನೇ ಕುಳಿತು ಗುಂಡು ಹೊಡೆದುಕೊಂಡ ಗಂಡಸು. ಡ್ಯೂಕ್ ವಿಶ್ವವಿದ್ಯಾನಿಲಯದ ಜೆಫ್ರಿ ಸ್ವಾನ್ಸನ್ ಮತ್ತು ಅವರ ಸಂಗಡಿಗರು ಕನೆಕ್ಟಿಕಟ್ ಕಾಯಿದೆಯ ಫಲವನ್ನು ಅಧ್ಯಯನ ಮಾಡಿ, ಕೋವಿ ವಶಪಡಿಸಿಕೊಂಡ ಹತ್ತರಿಂದ ಇಪ್ಪತ್ತು ಪ್ರಕರಣಗಳಿಗೆ ಒಂದರಂತೆ ಆತ್ಮಹತ್ಯೆ ತಪ್ಪಿರಬೇಕೆಂದು ಅಂದಾಜು ಮಾಡಿದ್ದಾರೆ. ಹೀಗೆ ತನ್ನ ಪ್ರಾಣಕ್ಕೇ ಎರವಾಗಲಿರುವವನನ್ನು ಮೊದಲು ಗುರುತಿಸುವವರು ಹೆಂಡತಿ, ತಾಯಿ, ವೈದ್ಯ; ಪೊಲೀಸರಲ್ಲ.

ಇಷ್ಟೆಲ್ಲ ಆದರೂ ಮನೆಯವರ ಹಕ್ಕಿನ ಜತೆಗೆ ಬರುವ ಹೊರೆಯನ್ನು ಕಾಣದೆ ಇರಬಾರದು. ಮಗನ ಹೆಸರನ್ನು ಎದುರಾಳಿಯ ಸ್ಥಾನದಲ್ಲಿ ತನ್ನ ಕೈಯಿಂದಲೇ ಬರೆದು, ಅವನ ಹುಚ್ಚುಮಾತುಗಳನ್ನು ಒಂದೊಂದಾಗಿ ನಮೂದಿಸಿ, ವಿಚಾರಣೆಯ ದಿನ ಅವನ ಮುಖದ ಮುಂದೆ ಪ್ರಮಾಣ ಮಾಡಿ ನುಡಿಯಬೇಕು ತಾಯಿ. ರಾತ್ರಿ ಅದೇ ಮನೆಗೆ ಹಿಂದಿರುಗಬೇಕು. ಪೊಲೀಸರ ಅರ್ಜಿಗಳೇ ಹೆಚ್ಚಾಗಿರುವುದಕ್ಕೆ ಇದೂ ಒಂದು ಕಾರಣವಾಗಿರಬೇಕು. ಆದುದರಿಂದ ಮನೆಯವರಿಗೆ ಹಕ್ಕು ಕೊಟ್ಟು ‘ಇನ್ನು ನಿಮ್ಮ ಪಾಡು’ ಎಂದು ಸರಕಾರ ಕೈತೊಳೆದುಕೊಳ್ಳುವುದು ಸರಿಯಲ್ಲ. ಈ ವಿಷಯದಲ್ಲಿ ನ್ಯೂಯಾರ್ಕ್ ಸಂಸ್ಥಾನ ನಡೆದ ದಾರಿ ಮೆಚ್ಚತಕ್ಕದ್ದು. ಅಲ್ಲಿ 2019ರಿಂದಲೇ ಮನೆಯವರೂ ಶಾಲೆಯ ಆಡಳಿತದವರೂ ಪೊಲೀಸರೂ ಅರ್ಹರಾಗಿದ್ದರು. ಆದರೆ 2021ರಲ್ಲಿ ಒಬ್ಬ ಪ್ರೌಢಶಾಲಾ ವಿದ್ಯಾರ್ಥಿ ಕೊಲೆ, ಆತ್ಮಹತ್ಯೆಗಳ ಮಾತೆತ್ತಿ, ಮಾನಸಿಕ ಪರೀಕ್ಷೆಗೂ ಒಳಗಾದಾಗ ಅರ್ಹರಾಗಿದ್ದ ಯಾರೂ ಅರ್ಜಿ ಹಾಕಲಿಲ್ಲ. 2022ರ ಮೇ 14ರಂದು ಅವನು ಬಫಲೋ ನಗರದ ಅಂಗಡಿಯೊಂದರಲ್ಲಿ ಹತ್ತು ಮಂದಿ ಕರಿಯರನ್ನು ಕೊಂದನು. ಎಲ್ಲರಿಗೂ ಅಧಿಕಾರವಿದ್ದಲ್ಲಿ ಯಾರಿಗೂ ಹೊಣೆಯಿಲ್ಲ! ಅನಂತರ ನ್ಯೂಯಾರ್ಕ್ ಸಂಸ್ಥಾನ ಶಾಸನವನ್ನು ತಿದ್ದಿತು. ಅಪಾಯಕ್ಕೆ ತಕ್ಕ ಆಧಾರ ಕಂಡಾಗ ಅರ್ಜಿ ಸಲ್ಲಿಸುವುದು ಈಗ ಪೊಲೀಸರಿಗೆ ಇಚ್ಛೆಯ ವಿಷಯವಲ್ಲ, ಕರ್ತವ್ಯ. ಮನೆಯವರು ಬಯಸಿದರೆ ಬರಬಹುದು, ಪೊಲೀಸರು ಬರಲೇಬೇಕು.

ಇಡೀ ಕಾಯಿದೆಯೇ ಸಂವಿಧಾನಕ್ಕೆ ವಿರುದ್ಧವೆನ್ನುವ ವಾದ ಇನ್ನೂ ಮುಗಿದಿಲ್ಲ. ಕೌಟುಂಬಿಕ ಹಿಂಸೆಯ ಪ್ರತಿಬಂಧಕಾಜ್ಞೆಗೆ ಒಳಗಾದವನು ಕೋವಿ ಹೊಂದಕೂಡದೆಂಬ ಕೇಂದ್ರ ಕಾಯಿದೆಯನ್ನು ಸುಪ್ರೀಂ ಕೋರ್ಟು 2024ರ ಜೂನಿನಲ್ಲಿ, ಒಬ್ಬರು ಮಾತ್ರ ಭಿನ್ನಾಭಿಪ್ರಾಯ ಬರೆದು ಉಳಿದ ಎಂಟು ನ್ಯಾಯಮೂರ್ತಿಗಳು ಒಮ್ಮತದಿಂದಿದ್ದು, ಎತ್ತಿಹಿಡಿಯಿತು. ಅದು ಕೆಂಪು ಬಾವುಟದ ಕಾಯಿದೆಯನ್ನು ಕುರಿತ ತೀರ್ಪಲ್ಲ. ಆದರೂ ಇನ್ನೊಬ್ಬರ ಪ್ರಾಣಕ್ಕೆ ಅಪಾಯ ಒಡ್ಡುವವನೆಂದು ನ್ಯಾಯಸ್ಥಾನ ಕಂಡುಕೊಂಡವನಿಂದ ತಾತ್ಕಾಲಿಕವಾಗಿ ಆಯುಧವನ್ನು ದೂರವಿಡಬಹುದೆಂಬ ಅದರ ತತ್ತ್ವ ಇಲ್ಲಿಯೂ ಬೆಂಬಲಕ್ಕೆ ಬರುತ್ತದೆ.

ಭಾರತದಲ್ಲಿ ಈ ಪ್ರಶ್ನೆ ಬೇರೆ ರೂಪದಲ್ಲಿದೆ. 1959ರ ಆಯುಧ ಅಧಿನಿಯಮದ ಪ್ರಕಾರ ಕೋವಿ ಹಕ್ಕಲ್ಲ, ಲೈಸೆನ್ಸು. ಸಾರ್ವಜನಿಕ ಶಾಂತಿಗೆ ಅಥವಾ ಸುರಕ್ಷಿತತೆಗೆ ಅಗತ್ಯವೆಂದು ತೋರಿದರೆ ಲೈಸೆನ್ಸು ಕೊಟ್ಟ ಅಧಿಕಾರಿಯೇ ಹದಿನೇಳನೆಯ ಪ್ರಕರಣದ ಮೇರೆಗೆ ಅದನ್ನು ಅಮಾನತಿನಲ್ಲಿಡಬಹುದು, ರದ್ದುಮಾಡಬಹುದು. ಅರ್ಹ ಅರ್ಜಿದಾರರ ಪಟ್ಟಿ ಆ ಪ್ರಕರಣದಲ್ಲಿ ಇಲ್ಲ. ತಾಯಿ ಬರೆದ ಕಾಗದವನ್ನೂ ನೆರೆಯವನು ಬರೆದ ಕಾಗದವನ್ನೂ ಅಧಿಕಾರಿ ನೋಡಬಹುದು, ನೋಡದೆಯೂ ಇರಬಹುದು. ಲೈಸೆನ್ಸಿನ ಹಂಗಿಲ್ಲದೆ ಕೋವಿ ಇಟ್ಟುಕೊಳ್ಳುವ ವಿನಾಯಿತಿ ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ನಡೆದುಬಂದಿದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿತು. ಕೋವಿಯನ್ನು ಮನೆಯ ಮರ್ಯಾದೆಯೆಂದು ಕಾಣುವ ಆ ನಾಡಿನವರಿಗೆ ಮೇನ್ ಸಂಸ್ಥಾನದ ಬೇಟೆಗಾರರ ಮನಸ್ಸು ಬೇರೆಯವರಿಗಿಂತ ಚೆನ್ನಾಗಿ ತಿಳಿದೀತು.

ಕ್ಯಾಲಿಫೋರ್ನಿಯದ ಕೊಲ್ಲಿ ಪ್ರದೇಶದಲ್ಲಿ ನೆಲೆಸಿರುವ ಕನ್ನಡಿಗರ ಸಂಖ್ಯೆ ಸಣ್ಣದಲ್ಲ. ಅಲ್ಲಿ ಹುಟ್ಟಿ ಬೆಳೆದ ಅವರ ಮಕ್ಕಳು ಇಪ್ಪತ್ತೊಂದು 
ತುಂಬಿದ ಮೇಲೆ ಪಿಸ್ತೂಲು ಕೊಳ್ಳಬಹುದಾದ ಪೌರರು. ಅರ್ಜಿ ಕೊಡುವ ತಂದೆತಾಯಿಗಳೂ ಪೌರರಾಗಿರಬೇಕೆಂಬ ನಿಬಂಧನೆ ಮೇಲೆ ಹೇಳಿದ ಪಟ್ಟಿಯಲ್ಲಿ ಎಲ್ಲಿಯೂ ಇಲ್ಲ. ಅರ್ಜಿಯ ನಮೂನೆಗೆ ‘ಜಿವಿ-100’ ಎಂದು ಹೆಸರು. ಅದನ್ನು ಸಲ್ಲಿಸುವುದಕ್ಕೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದಿಲ್ಲ, ಇಂಗ್ಲಿಷು ಬಾರದಿದ್ದರೆ ದುಭಾಷಿಯನ್ನು ಒದಗಿಸಿರೆಂದು ಕಚೇರಿಯಲ್ಲಿ ಕೇಳಿಕೊಳ್ಳಬಹುದು. ಎದುರಾಳಿಯ ಬಳಿ ಯಾವ ಯಾವ ಬಗೆಯ ಆಯುಧಗಳು ಎಷ್ಟಿವೆ, ಮನೆಯಲ್ಲಿ ಅವನ್ನು ಎಲ್ಲಿ ಇಟ್ಟಿದ್ದಾನೆ ಎಂಬುದನ್ನು ಅರ್ಜಿದಾರರು ತಮಗೆ ತಿಳಿದಮಟ್ಟಿಗೆ ಅದರಲ್ಲಿ ಬರೆದುಕೊಡಬೇಕು.